ಸುದ್ದಿ ಇಲ್ಲದ ಓಟ

ನೀಲಪ್ಪ ಓಡಿ ಬರುವುದು ಕಂಡರೆ ಹೆಂಗಸರು ಮೊದಲು ಎದೆ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಅವನು ಯಾವ ಮನೆಯ ಮುಂದೆ ನಿಲ್ಲುತ್ತಾನೆಂದು ಕಣ್ಣು ಕೀಲಿಸಿ ನೋಡುತ್ತಿದ್ದರು. ಪಕ್ಕದ ಮನೆಯ ಮುಂದೆ ನಿಂತನೆಂದರೆ ಇವರ ಉಸಿರು ಹೊರಬೀಳುತ್ತಿತ್ತು. ಅವನ ಮುಖ ಹೇಗಿದೆ ಎಂದು ಯಾರೂ ನೋಡಿದವರಲ್ಲ. ನೋಡುತ್ತಿದ್ದದ್ದು ಕಾಲನ್ನು.

ಅವನ ಊರು ಎರೆಹಾಳ. ಗದಗಿನಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ ಒಳಗೆ ಹೊರಳಿದರೆ ಸಿಗುವ ಕರಿಮಣ್ಣಿನ ಊರು. ಅಲ್ಲಿ ಯಾರು ಸತ್ತರೂ ಬೇರೆ ಊರಿನ ಬೀಗರಿಗೆ ಸುದ್ದಿ ಮುಟ್ಟಿಸುವುದು ಕೇರಿಯವರ ಕೆಲಸ. ಕೇರಿಯಲ್ಲಿ ಅದು ನೀಲಪ್ಪನ ಮನೆತನದ ಪಾಲು. ಯಾರು ಹಂಚಿಕೊಟ್ಟ ಪಾಲು ಎಂದು ಕೇಳಿದರೆ ಊರಲ್ಲಿ ಯಾರಿಗೂ ನೆನಪಿಲ್ಲ. ಬೇಡ ಅಂದರೆ ಮಾತ್ರ ಎಲ್ಲರಿಗೂ ನೆನಪಾಗುತ್ತಿತ್ತು. ಅವನ ಅಜ್ಜ ನಡೆದು ಹೋಗಿ ಹೇಳಿದ. ಅಪ್ಪ ಬಿರಬಿರನೆ ನಡೆದು ಹೇಳಿದ. ನೀಲಪ್ಪ ಓಡಿದ.

ಓಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು. ಬಸ್ಸು ಮುಂಜಾನೆ ಒಂದು, ಸಂಜೆಗೆ ಒಂದು. ತಾರು ಕೊಡಬೇಕೆಂದರೆ ಗದಗಿನ ಪೋಸ್ಟಿಗೇ ಹೋಗಬೇಕು. ಅಪ್ಪ ಬದುಕಿದ್ದಾಗ ಶಿರಹಟ್ಟಿಯಿಂದ ಒಬ್ಬ ಮಗಳು ತಡವಾಗಿ ಬಂದು, ತಂದೆಯನ್ನು ಹೂಳಿದ ಹಸಿಮಣ್ಣನ್ನು ಕೈಯಿಂದ ತೋಡುವುದನ್ನು ನೀಲಪ್ಪ ನೋಡಿದ್ದ. ನಾಲ್ಕು ಜನ ಹಿಡಿದರೂ ಆಕೆ ಬಿಟ್ಟಿರಲಿಲ್ಲ. ಆ ಉಗುರುಗಳನ್ನು ನೋಡಿದ ಮೇಲೆ ಅವನಿಗೆ ನಡೆಯಲು ಆಗಲಿಲ್ಲ.

ಶಾಲೆ ಬಿಟ್ಟದ್ದೂ ಇದೇ ಕಾಲಿನಿಂದ. ಏಳನೇ ಇಯತ್ತೆಯ ಪರೀಕ್ಷೆಯ ದಿನವೇ ಗೌಡರ ಸೋದರತ್ತೆಗೆ ಸಾಯುವ ಮುಹೂರ್ತ ಕೂಡಿ ಬಂತು. ನೀಲಪ್ಪ ಲಕ್ಷ್ಮೇಶ್ವರಕ್ಕೆ ಓಡಿದ. ಹೊಳ್ಳಿ ಬರುವುದರೊಳಗೆ ಪರೀಕ್ಷೆ ಮುಗಿದಿತ್ತು. ಮುಂದಿನ ವರ್ಷ ಬಾ ಎಂದರು ಮಾಸ್ತರರು. ಮುಂದಿನ ವರ್ಷವೂ ಯಾರಾದರೂ ಸಾಯುತ್ತಾರೆಂದು ಅವನಿಗೆ ಗೊತ್ತಿತ್ತು.

ಸುದ್ದಿಗೆ ಕಟ್ಟಳೆ ಇತ್ತು. ದಾರಿಯಲ್ಲಿ ಯಾರು ಕೇಳಿದರೂ ಸತ್ತವರ ಹೆಸರು ಬಿಡುವಂತಿಲ್ಲ. ಮುಟ್ಟಬೇಕಾದ ಬಾಗಿಲಿನ ಎದುರು, ಬೀದಿಯಲ್ಲೇ ನಿಂತು ಹೇಳಬೇಕು. ಹೇಳಿ ಬೆನ್ನು ತಿರುಗಿಸಿದ ಮೇಲೆ ಹಿಂದೆ ನೋಡುವಂತಿಲ್ಲ. ಮದುವೆಯಾದ ಹೆಣ್ಣುಮಗಳು ಸತ್ತರೆ ಮೊದಲು ಆಕೆಯ ಸೋದರಮಾವನಿಗೆ ಹೇಳಿ, ಆಮೇಲೆ ತವರಿಗೆ ಹೇಳಬೇಕು. ಹೇಳಿದವನಿಗೆ ಒಂದು ಮೊರ ಜೋಳ ಸುರಿಯುತ್ತಿದ್ದರು, ದೂರದಿಂದ.

ಮರ್ದಾನಸಾಬ ಅವನನ್ನು ಮೊದಲ ಸಲ ನೋಡಿದ್ದು ಎಪ್ಪತ್ತೆಂಟರ ಚಳಿ ಹಿಡಿಯುವ ಹೊತ್ತಿಗೆ, ಮುಂಡರಗಿ ಬಸ್ಸಿನ ಕಿಟಕಿಯಿಂದ. ಮಿಲಿಟರಿಯಲ್ಲಿ ಓಟಗಾರನಾಗಿದ್ದು, ಮೊಣಕಾಲು ಕೆಟ್ಟು ಊರಿಗೆ ಬಂದು, ಬೆಟಗೇರಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ. ಡಂಬಳದಲ್ಲಿ ಬಸ್ಸು ಚಹಾಕ್ಕೆ ನಿಂತಾಗ, ದಾರಿಯಲ್ಲಿ ಹಿಂದೆ ಬಿಟ್ಟಿದ್ದ ಹುಡುಗ ಮುಂದೆ ಹೋದ. ಆಮೇಲೆ ಬಸ್ಸು ಅವನನ್ನು ಹಿಂದೆ ಹಾಕಿ, ಊರೂರಿಗೆ ನಿಂತು ಜನ, ಮೂಟೆ ಹತ್ತಿಸಿಕೊಳ್ಳುತ್ತ ಹೋಯಿತು. ಮುಂಡರಗಿಯಲ್ಲಿ ಕಂಡಕ್ಟರ್ ಮೇಲಿನ ಮೂಟೆಗಳನ್ನು ಇಳಿಸಿ ಮುಗಿಸುವುದರೊಳಗೆ ಅವನು ಬಂದು ಒಂದು ಮನೆಯ ಎದುರು ನಿಂತಾಗಿತ್ತು. ಒಳಗಿಂದ ಅಳು ಕೇಳುತ್ತಿತ್ತು. ಮರ್ದಾನಸಾಬ ಅಳು ಮುಗಿಯಲೆಂದು ಕಾಯಲಿಲ್ಲ. ಬೆನ್ನು ತಿರುಗಿಸಿ ಬರುತ್ತಿದ್ದವನ ರಟ್ಟೆ ಹಿಡಿದ.

"ಏನಲೇ ತಮ್ಮಾ, ನಮ್ಮ ಬಸ್ಸಿನ ಬೆನ್ನ ಹತ್ತಿ ಬಂದ್ಯಲ್ಲ."

"ನಾ ಯಾರ ಬೆನ್ನೂ ಹತ್ತಿಲ್ರಿ ಸಾಬ್ರ. ಡಂಬಳದ ಮುಂದ ನಿಮ್ಮ ಬಸ್ಸ ನನ್ನ ಬೆನ್ನ ಹತ್ತಿತ್ತು."

ಮರ್ದಾನಸಾಬ ನಕ್ಕ. ಹೋಟೆಲಿನ ಕಟ್ಟೆಯ ಮೇಲೆ ಕೂಡ್ರಿಸಿ ಚಹಾ ಕುಡಿಸಿದ. ಕಟ್ಟೆಯ ಮೇಲೆ ಕೂಡುವುದಕ್ಕೆ ನೀಲಪ್ಪ ಹಿಂದೆಮುಂದೆ ನೋಡಿದಾಗ, "ಕುಂಡ್ರಲೇ, ಕಟ್ಟಿ ಹೋಟೆಲ್‌ನಾಂವಂದು, ನಿಮ್ಮ ಗೌಡಂದಲ್ಲ," ಎಂದ. ಪಾದ ಒತ್ತಿ ನೋಡಿದ, ಮೀನಖಂಡ ಹಿಚುಕಿ ನೋಡಿದ, ಎತ್ತು ಕೊಳ್ಳುವವರ ಹಾಗೆ. ಆಮೇಲೆ ಹೇಳಿದ: ಯುಗಾದಿ ಕಳೆದ ಮೇಲೆ ಧಾರವಾಡದಲ್ಲಿ ಮ್ಯಾರಾಥಾನ್ ಎಂಬ ಓಟ ಇದೆ, ಇಪ್ಪತ್ತಾರು ಮೈಲು, ಮುಂದೆ ಬಂದವರನ್ನು ಪೊಲೀಸ್ ಖಾತೆಯವರು ತೆಗೆದುಕೊಳ್ಳುತ್ತಾರಂತೆ.

"ಇಪ್ಪತ್ತಾರ ಮೈಲು ನಾ ಈಗ ಓಡ್ತೀನ್ರಿ. ನಡೀರಿ."

"ಓಡೂದು ಬ್ಯಾರೆ, ತಾಲೀಮು ಬ್ಯಾರೆ. ಓಡ್ತಿ ಅನ್ನೋದು ನಾ ಕಂಡೀನಿ. ತಾಲೀಮಿಗೆ ತಯಾರದಿಯೋ ಇಲ್ಲೋ ಅದನ್ನ ನೋಡಬೇಕು."

"ಅದೇನ ನೋಡೂದ್ರಿ?"

ಮರ್ದಾನಸಾಬ ಬಸಿಯಲ್ಲಿ ಚಹಾ ಸುರಿದುಕೊಂಡ. "ಬೆನ್ನಿಗಿ ಬಡಿಗಿ ಇದ್ದಾಗ ಎಲ್ಲಾರೂ ಓಡ್ತಾರ. ಪಲ್ಟನ್‌ದಾಗ ಅಂಥವರನ್ನ ಬಾಳ ಕಂಡೀನಿ. ಬಡಿಗಿ ಸರದ ಕೂಡ್ಲೆ ಕುಂತಬಿಡ್ತಾರ. ನಿನಗ ಸುದ್ದಿನ ಬಡಿಗಿ. ಒಂದ ತಿಂಗಳ ದಿನಾ ಮುಂಜಾನೆ ಓಡು, ಸಾವಕಾಶ. ಬಾಯಾಗ ಯಾರ ಸುದ್ದಿನೂ ಇರಬಾರದು. ಖಾಲಿ ಓಡಾಕ ಬಂತು ಅಂದ್ರ ನನ್ನ ಹಂತೇಕ ಬಾ. ಬರಲಿಲ್ಲಂದ್ರ ನಿನ್ನ ಕಾಲೂ ಉಳೀತಾವು, ನನ್ನ ಹೊತ್ತೂ ಉಳೀತೈತಿ."

ಹೋಗುವ ಮುಂದೆ, ಆ ಓಟ ಹುಟ್ಟಿದ ಕತೆಯನ್ನೂ ಹೇಳಿದ. ಯಾವುದೋ ದೇಶದಲ್ಲಿ ಒಬ್ಬ ಯುದ್ಧ ಗೆದ್ದ ಸುದ್ದಿ ಹೊತ್ತು ಓಡಿ ಬಂದನಂತೆ. ಗೆದ್ದೆವು ಎಂದು ಹೇಳಿ ಅಲ್ಲೇ ಬಿದ್ದು ಸತ್ತನಂತೆ.

"ಗೆದ್ದ ಸುದ್ದಿ ಹೇಳಿ ಸತ್ನೇನ್ರಿ?" ನೀಲಪ್ಪನಿಗೆ ಸಿಟ್ಟೇ ಬಂತು. "ನಾ ಇಷ್ಟ ಮಂದಿ ಸತ್ತ ಸುದ್ದಿ ಹೇಳೀನಿ. ನನಗೇನೂ ಆಗಿಲ್ಲ."

ಪೊಲೀಸ್ ಅಂದರೆ ಖಾಕಿ ಅಂಗಿ. ಖಾಕಿ ಅಂಗಿ ತೊಟ್ಟವನನ್ನು ಬೀದಿಯಲ್ಲಿ ನಿಲ್ಲಿಸಿ ಜೋಳ ಸುರಿಯುವವರು ಇನ್ನೂ ಹುಟ್ಟಿಲ್ಲ. ಅಂದು ಊರಿಗೆ ಹೋಗುವ ದಾರಿಯುದ್ದಕ್ಕೂ ನೀಲಪ್ಪ ಅದನ್ನೇ ಅಗಿದ.

ಮರುದಿನ ಮುಂಜಾನೆ ಹೊರಟವನಿಗೆ ಊರ ಹಳ್ಳ ದಾಟುವುದರೊಳಗೆ ಕಾಲು ಕಟ್ಟಿದಂತಾಯಿತು. ಹಸಿವಲ್ಲ, ನೋವಲ್ಲ. ಯಾರಿಗೆ ಹೇಳಲು ಹೊರಟಿದ್ದೇನೆ ಎಂದು ಒಳಗಿಂದ ಯಾರೋ ಕೇಳುತ್ತಿದ್ದರು. ಲಕ್ಷ್ಮೇಶ್ವರಕ್ಕೆ ಒಂದೇ ಉಸಿರಿನಲ್ಲಿ ಹೋಗುವವನು ಹಳ್ಳದ ದಂಡೆಯಲ್ಲಿ ಕುಳಿತು ಕಲ್ಲು ಎಸೆದ. ಮನೆಗೆ ಬಂದರೆ ತಾಯಿ ದುರಗವ್ವ ರೊಟ್ಟಿ ಬಡಿಯುತ್ತಿದ್ದಳು.

"ಯಾರ ಸತ್ತಾರೋ?"

"ಯಾರೂ ಸತ್ತಿಲ್ಲಬೇ. ಸುಮ್ನ ಓಡಾಕ ಹೋಗಿದ್ನಿ."

"ಸುಮ್ನ?" ದುರಗವ್ವ ರೊಟ್ಟಿಯನ್ನು ಹಂಚಿನ ಮೇಲೆ ಬಿಟ್ಟು ಮಗನನ್ನು ನೋಡಿದಳು. "ಹೊಟ್ಟಿಗಿ ಬೀಳೂ ಮೊದಲ ಕರಗಸಾಕ ಹೋಗಿದ್ಯಾ? ಜಾಣಾ ಅದಿ."

ಮೂರ್ನಾಲ್ಕು ದಿನ ಹೀಗೇ ಆಯಿತು. ಆಮೇಲೆ ಸಿಟ್ಟಿನಿಂದಲೇ ಒಂದು ದಿನ ಕಾಲು ಎಳೆದುಕೊಂಡು ಕಳಸಾಪುರದವರೆಗೆ ಹೋದ. ಸಾವಿನ ಸುದ್ದಿ ಒಯ್ಯುವಾಗ ಹೆಗಲ ಮೇಲಿನ ವಲ್ಲಿಯನ್ನು ಕಂಕುಳಲ್ಲಿ ಹಿಡಿಯುವುದು ರೂಢಿ. ಅವತ್ತು ಅದನ್ನು ತಲೆಗೆ ರುಮಾಲಿನ ಹಾಗೆ ಸುತ್ತಿಕೊಂಡಿದ್ದ. ಸಾವಲ್ಲ ಎಂದು ಇಷ್ಟರಲ್ಲೇ ಜನಕ್ಕೆ ತಿಳಿಯುತ್ತದೆ ಅಂದುಕೊಂಡಿದ್ದ. ಊರೊಳಗೆ ಹಾಯ್ದು, ಕೆಳಗಿನ ಓಣಿಯಿಂದ ಹೊರಬಿದ್ದು, ಸುತ್ತು ಹಾಕಿ ಎರೆಹಾಳದ ದಾರಿ ಹಿಡಿದ. ಮೊದಲ ಸಲ ಕಾಲು ಒಂದಿಷ್ಟು ಮಾತು ಕೇಳಿತ್ತು. ಖುಷಿಯಾಗಿ ಹಳ್ಳದಲ್ಲಿ ಮೈ ತೊಳೆದುಕೊಂಡು ಮನೆಗೆ ಬಂದ.

ಕಳಸಾಪುರದಲ್ಲಿ ಕರಿಯವ್ವ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಗಂಡ ಸತ್ತ ಹೆಂಗಸು, ಇದ್ದವಳು ಒಬ್ಬಳೇ ಮಗಳು. ಆ ಮಗಳು ಶಾರದವ್ವನನ್ನು ಕೊಟ್ಟದ್ದು ಎರೆಹಾಳಕ್ಕೆ. ಈಗ ತುಂಬು ಬಸುರಿ. ಮೊದಲ ಹೆರಿಗೆ ತವರಿನಲ್ಲಿ ಆಗಿ ಕೂಸು ಉಳಿದಿರಲಿಲ್ಲ. ಅದಕ್ಕೇ ಈ ಸಲ ಬೀಗರು ಕಳಿಸಿರಲಿಲ್ಲ. ಎರೆಹಾಳದ ನೀಲಪ್ಪ ತನ್ನ ಬಾಗಿಲು ದಾಟಿ ಕೆಳಗಿನ ಓಣಿಗೆ ಓಡಿದ್ದನ್ನು ಕರಿಯವ್ವ ನೋಡಿದಳು. ಕೆಳಗಿನ ಓಣಿಯಲ್ಲಿ ಆಕೆಯ ತಮ್ಮನ ಮನೆ, ಅಂದರೆ ಶಾರದವ್ವನ ಸೋದರಮಾವನ ಮನೆ. ಮೊದಲು ಸೋದರಮಾವನಿಗೆ, ಆಮೇಲೆ ತವರಿಗೆ. ಕರಿಯವ್ವನ ಕೈಯಿಂದ ಕೊಡ ಬಿತ್ತು. ತಲೆಯ ಮೇಲಿನ ವಲ್ಲಿಯನ್ನು ಯಾರು ನೋಡುತ್ತಾರೆ?

ಹೊತ್ತು ನೆತ್ತಿಗೆ ಬರುವ ಮೊದಲೇ ಚಕ್ಕಡಿ ತುಂಬ ಹೆಂಗಸರು ಅಳುತ್ತ ಎರೆಹಾಳಕ್ಕೆ ಬಂದರು. ಕರಿಯವ್ವನ ತಮ್ಮ ಆಗಲೇ ಹೊಲಕ್ಕೆ ಹೋಗಿದ್ದ. ಅವನನ್ನು ಕೇಳುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಕರಿಯವ್ವನ ತೊಡೆಯ ಮೇಲೆ ಹಸಿರು ಸೀರೆ. ಮುತ್ತೈದೆ ಮಗಳು ಸತ್ತರೆ ಕೊನೆಯ ಸೀರೆ ತವರಿನಿಂದಲೇ ಬರಬೇಕು.

ಹಿಟ್ಟಿನ ಕೈಯಲ್ಲೇ ಶಾರದವ್ವ ಹೊರಗೆ ಬಂದಳು. "ಯವ್ವಾ, ಯಾಕ, ಯಾರ ಹೋದ್ರಬೇ?"

ಕರಿಯವ್ವ ಚಕ್ಕಡಿಯಿಂದ ಇಳಿಯುತ್ತಿದ್ದವಳು ಅಲ್ಲೇ ನೊಗದ ಮೂಕಿ ಹಿಡಿದು ನಿಂತಳು. ಬಹಳ ಹೊತ್ತು ಮಗಳನ್ನು ಮೇಲೆ ಕೆಳಗೆ ನೋಡಿದಳು.

"ನೀನ," ಅಂದಳು.

ನೀಲಪ್ಪನನ್ನು ಎಳೆದು ತಂದು ಚಾವಡಿಯ ಮುಂದೆ ನಿಲ್ಲಿಸಿದರು. ಮೊದಲ ಏಟು ಗೌಡರ ಆಳಿನದು. ಆಮೇಲಿನವು ಯಾರವು ಎಂದು ಅವನು ನೋಡಲಿಲ್ಲ.

"ಸುಳ್ಳ ಓಟಾ ಓಡ್ತೀಯೇನಲೇ?" ಗೌಡರು ಕೇಳಿದರು.

"ನಾ ಏನರ ಹೇಳೀನೇನ್ರಿ? ಬಾಯಿನ ತಗದಿಲ್ರಿ."

"ನಿನ್ನ ಕಾಲ ಹೇಳ್ಯಾವಲ್ಲ."

ತಾಲೀಮು, ಧಾರವಾಡ, ಓಟ ಎಂದು ನೀಲಪ್ಪ ಏನೇನೋ ಹೇಳಿದ. ಹೇಳಿದಷ್ಟೂ ಅದು ಅವನ ಕಿವಿಗೇ ಹುಚ್ಚರ ಮಾತಿನ ಹಾಗೆ ಕೇಳಿತು. ಆ ಹೊತ್ತಿಗೆ ಶಾರದವ್ವ ಬಂದಳು. ಹಸಿರು ಸೀರೆ ಉಟ್ಟುಕೊಂಡು ಬಂದಿದ್ದಳು. ಹೊಟ್ಟೆಯ ಮೇಲೆ ಹೊಸ ಸೀರೆಯ ಗಂಜಿಯ ನಿರಿಗೆ ನೆಟ್ಟಗೆ ನಿಂತಿತ್ತು. ಮುದುಕಿಯರು ಬಾಯಿ ಮೇಲೆ ಸೆರಗು ಹಿಡಿದರು.

"ಹೊಸಾ ಸೀರಿ ಹೊಳ್ಳಿ ಒಯ್ಯಾಕ ಕೊಡ್ತೀನೇನು? ನಮ್ಮವ್ವ ಪಂಚಮಿಗೂ ಕೊಟ್ಟಿರಲಿಲ್ಲ ಇಂಥಾದ್ದು," ಎಂದಳು. "ಬಿಡ್ರಿ ಅವನ್ನ. ಅವ ಓಡಿದ್ದಕ್ಕ ನನಗ ಸೀರಿ ಬಂತು."

ಯಾರೋ ಕಿಸಕ್ಕನೆ ನಕ್ಕರು. ಗೌಡರ ಮೀಸೆಯೂ ಅಲುಗಿತು. ಶಾರದವ್ವ ನೀಲಪ್ಪನ ಕಡೆ ಹೊರಳಿದಳು. "ನೀ ದಿನಾ ಓಡು. ನಮ್ಮವ್ವನ ಬಾಗಲಕ್ಕ ಹೋಗಿ, ಆರಾಮ ಅದಾಳ ಅಂತ ಹೇಳಿ ಮುಂದ ಹೋಗು. ಆಕಿಗೂ ರೂಢಿ ಆಗ್ಲಿ."

ಹುಟ್ಟಿದಾಗಿನಿಂದ ನೀಲಪ್ಪ ಒಬ್ಬರು ಬದುಕಿದ ಸುದ್ದಿಯನ್ನು ಹೊತ್ತಿರಲಿಲ್ಲ. ಮರುದಿನ ಬಾಸುಂಡೆಯ ಬೆನ್ನಿನಲ್ಲೇ ಹೋಗಿ ಕರಿಯವ್ವನ ಬಾಗಿಲಲ್ಲಿ ನಿಂತ. ಇಂಥ ಮಾತಿಗೆ ದನಿ ಎಲ್ಲಿಂದ ತರಬೇಕೋ ತಿಳಿಯದೆ, ಸಾವು ಹೇಳುವ ದನಿಯಲ್ಲೇ ಹೇಳಿದ: "ಶಾರದವ್ವ... ಆರಾಮ ಅದಾಳ್ರಿ."

"ಹಂಗ್ಯಾಕ ಹೇಳ್ತೀಯೋ ನನ್ನಪ್ಪಾ, ಎದಿ ಒಡದೀತು," ಎಂದಳು ಕರಿಯವ್ವ. "ನಕ್ಕೊಂತ ಹೇಳು."

ಅವನು ನಗಲು ಕಲಿತ. ದಿನವೂ ಹೋದ. ಶಾರದವ್ವ ಬಾಗಿಲಲ್ಲಿ ನಿಂತು ಏನಾದರೂ ಕೊಟ್ಟು ಕಳಿಸುತ್ತಿದ್ದಳು: ನಿನ್ನೆ ಎರಡು ರೊಟ್ಟಿ ಉಂಡಳೆಂದು, ಕೂಸು ಒದೆಯುತ್ತದೆಂದು, ಹುಣಸೆಕಾಯಿ ತಿಂದಳೆಂದು. ಕರಿಯವ್ವ ಇತ್ತ ಕಡೆಯಿಂದ, ಹುಣಸೆಕಾಯಿ ತಿನ್ನಬ್ಯಾಡ ಅನ್ನು, ಬಿಸಿನೀರು ಹಾಕ್ಕೋ ಅನ್ನು ಎಂದು ಕಳಿಸುತ್ತಿದ್ದಳು. ಅವನು ಬರುವ ಹೊತ್ತಿಗೆ ತಂಬಿಗೆ ಹಿಡಿದು ಬೀದಿಗೆ ಬಂದು ಅವನ ಬೊಗಸೆಗೆ ನೀರು ಹಾಕುತ್ತಿದ್ದಳು. ಮೇಲಿಂದಲೇ, ತಂಬಿಗೆ ತಾಗದ ಹಾಗೆ. ಅದು ನೀಲಪ್ಪನಿಗೆ ಕಾಣುತ್ತಿರಲಿಲ್ಲ ಎಂದಲ್ಲ. ಆದರೆ ಒಂದು ಬಾಗಿಲಲ್ಲಿ ತನಗಾಗಿ ಒಬ್ಬರು ಕಾಯುವುದು ಅವನಿಗೆ ಹೊಸದು. ಓಣಿಯ ಉಳಿದ ಹೆಂಗಸರೂ, "ಬಂದ ನೋಡವ್ವಾ ಆರಾಮಪ್ಪ," ಎನ್ನತೊಡಗಿದರು. ಎರೆಹೊಲಗಳಲ್ಲಿ ಬಿಳಿಜೋಳ ತೆನೆ ಕಟ್ಟುತ್ತಿತ್ತು. ಕಾಲು ನೆಲ ಮುಟ್ಟುತ್ತಿದೆಯೋ ಇಲ್ಲವೋ ಎನ್ನುವ ಹಾಗೆ ಓಡುತ್ತಿದ್ದ.

ತಿಂಗಳು ತುಂಬಿದ ದಿನ ಬೆಟಗೇರಿಗೆ ಹೋದ. ಮರ್ದಾನಸಾಬ ಟ್ಯೂಬನ್ನು ನೀರಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದ.

"ಓಡಿದ್ನಿ ಸಾಬ್ರ. ಒಂದ ದಿನಾನೂ ತಪ್ಪಿಲ್ಲ. ಇನ್ನ ತಾಲೀಮು ಸುರು ಮಾಡ್ರಿ."

ಮರ್ದಾನಸಾಬ ಎಲ್ಲ ಕೇಳಿಸಿಕೊಂಡ. ತಲೆ ಅಲ್ಲಾಡಿಸಿದ. "ಖಾಲಿ ಎಲ್ಲಿ ಓಡಿದ್ಯೋ? ಆವಾಗ ಸತ್ತ ಸುದ್ದಿ ಇತ್ತು, ಈಗ ಆರಾಮ ಇದ್ದ ಸುದ್ದಿ. ಬಡಿಗಿಗೆ ಹೂವಿನ ಸರಾ ಸುತ್ತೀದಿ ಅಷ್ಟ."

"ಮಾತ ತಪ್ಪಬ್ಯಾಡ್ರಿ." ನೀಲಪ್ಪ ಒಂದು ಹೆಜ್ಜೆ ಮುಂದೆ ಬಂದ. "ಒಂದ ತಿಂಗಳ ಅಂದಿದ್ರಿ. ಊರಾಗ ಬಡಿಸ್ಕೊಂಡೀನಿ ನಿಮ್ಮ ಓಟಕ್ಕ."

"ತಾಲೀಮಿನಾಗ ನಿನ್ನ ಕಡೆ ಯಾರೂ ನೋಡಾಂವ ಇಲ್ಲ. ಬಾಗಲದಾಗ ನೀರ ಹಿಡಕೊಂಡು ನಿಂದ್ರಾಂವ ಇಲ್ಲ. ಬಿಸಲಾಗ, ಥಂಡಿ ಒಳಗ, ಯಾರಿಗೂ ಬ್ಯಾಡಾಗಿ ಓಡಬೇಕು. ಅದಕ್ಕ ತಯಾರಿಲ್ದವನ್ನ ಹಚ್ಚಿದ್ರ ಅರ್ಧಕ್ಕ ಬಿಟ್ಟ ಹೋಗ್ತಾನ. ಅಂಥವರನ್ನ ಕಂಡೀನಿ." ಅವನ ದನಿ ತುಸು ಇಳಿಯಿತು. "ಆ ಹೆಣಮಗಳ ದಿನಾ ತುಂಬ್ಯಾವಲ್ಲ. ಕೂಸು ಹುಟ್ಟಿದ ಸುದ್ದಿ ಹೇಳಿಬಿಡು, ಅದೊಂದ ಹೇಳಬೇಕು. ಮರುದಿನ ಅದ ದಾರ್ಯಾಗ ಖಾಲಿ ಓಡು. ಓಡಿದಿ ಅಂದ್ರ, ತಯಾರಾದಿ. ಆಮ್ಯಾಲ ನಾನ ಸೈಕಲ್ ಮ್ಯಾಲ ನಿನ್ನ ಹಿಂದ ಬರ್ತೀನಿ."

ನೀಲಪ್ಪ ಒಪ್ಪಿದ. ಊರಿಗೆ ಬಂದು ಹೆರಿಗೆಯ ಸುದ್ದಿಗಾಗಿ ಕಾದ. ಹೆಣ್ಣಾದರೆ ಹೇಗೆ ಹೇಳಬೇಕು, ಗಂಡಾದರೆ ಹೇಗೆ ಹೇಳಬೇಕು ಎಂದು ದಾರಿಯಲ್ಲಿ ಬಾಯಿ ಬಿಟ್ಟು ರೂಢಿ ಮಾಡಿಕೊಂಡ.

ಅದೊಂದು ಮುಂಜಾನೆ ಶಾರದವ್ವ ಬಾಗಿಲಲ್ಲಿ ಇರಲಿಲ್ಲ. ಹಿಂದಿನ ರಾತ್ರಿಯೇ ಬ್ಯಾನೆ ಎದ್ದಿತ್ತು; ಸೂಲಗಿತ್ತಿಯ ಕೈ ಸೋತ ಮೇಲೆ ಚಕ್ಕಡಿ ಕಟ್ಟಿ ಗದಗಿನ ದಾರಿ ಹಿಡಿದಿದ್ದರು. ಚಕ್ಕಡಿ ಅರ್ಧ ದಾರಿಗೆ ಹೋಗಿ ಹೊಳ್ಳಿ ಬಂತು. ಕೂಸು ಹೊಟ್ಟೆಯಲ್ಲೇ ಉಳಿದಿತ್ತು.

ಗೌಡರ ಆಳು ಕೇರಿಗೆ ಬಂದು ಹೆಸರು ಹಿಡಿದು ಕರೆದ. ನೀಲಪ್ಪ ಹೊರಗೆ ಬಂದು, "ನಾ ಹೋಗಾಂವಲ್ಲ," ಎಂದ. "ಬ್ಯಾರೆಯವ್ರನ್ನ ಕಳಸ್ರಿ. ಸೈಕಲ್ ಇದ್ದವರ ಅದಾರಲ್ಲ ಊರಾಗ."

"ಮಾತ ಬಾಳ ಕಲತೀ," ಎಂದು ಆಳು ಮುಂದೆ ಬಂದ. ಅವನ ಹಿಂದೆ ಶಾರದವ್ವನ ಗಂಡ ಹನಮಪ್ಪ ನಿಂತಿದ್ದ. ಅಂಗಿಯ ಮುಂಭಾಗವೆಲ್ಲ ಕಂದಿದ ರಕ್ತ. ಆಳನ್ನು ಪಕ್ಕಕ್ಕೆ ಸರಿಸಿ, ಕೇರಿಯ ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತ.

"ನೀನ ಹೋಗೋ," ಎಂದ. "ನೀ ಹೋಗೂ ಹೊತ್ತಾತು. ಅತ್ತಿ ಬಾಗಲದಾಗ ಬಂದ ನಿಂತಿರ್ತಾಳ. ಬ್ಯಾರೆಯವ್ರ ಹೇಳಿದ್ರ ಆಕಿ ನಂಬೂದಿಲ್ಲ."

ಹಳ್ಳದ ತನಕ ನೀಲಪ್ಪ ನಡೆದ. ಆಮೇಲೆ ತಿಳಿಯಿತು: ನಡೆದು ಹೋದರೆ ಕರಿಯವ್ವ ದೂರದಿಂದಲೇ ಅರ್ಥ ಮಾಡಿಕೊಳ್ಳುತ್ತಾಳೆ. ಈ ಒಂದು ತಿಂಗಳಲ್ಲಿ ಎಲ್ಲ ತಿರುವುಮುರುವು ಆಗಿತ್ತು. ಈಗ ಓಡುವ ನೀಲಪ್ಪ ಅಂದರೆ ಮಗಳು ಬದುಕಿದ್ದಾಳೆ. ಬಾಗಿಲು ಮುಟ್ಟುವ ತನಕವಾದರೂ ಬದುಕಿರಲಿ ಎಂದು ಅವನು ಓಡಿದ. ಕೆಳಗಿನ ಓಣಿಗೆ, ಸೋದರಮಾವನ ಮನೆಗೆ ಮೊದಲು ಹೋಗಬೇಕಿತ್ತು. ಹೋಗಲಿಲ್ಲ. ಕಟ್ಟಳೆ ಮಾಡಿದವರು ಬಂದು ಹೇಳಲಿ.

ಕರಿಯವ್ವ ತಂಬಿಗೆ ಹಿಡಿದು ಬೀದಿಯಲ್ಲೇ ನಿಂತಿದ್ದಳು. "ಇವತ್ತ್ಯಾಕೋ ತಡಾ? ನನ್ನ ಮಗಳ ಎದ್ದಿಲ್ಲೇನು ಇನ್ನ?"

ಅವನು ಬೊಗಸೆ ಹಿಡಿದ. ಯಾಕೆ ಹಿಡಿದನೋ ಅವನಿಗೇ ತಿಳಿಯಲಿಲ್ಲ. ಆಕೆ ನೀರು ಸುರಿದಳು. ನೀರು ಬೊಗಸೆ ತುಂಬಿ, ಮೊಣಕೈಗುಂಟ ಇಳಿದು ಕೆಳಗೆ ಹರಿಯಿತು. ಅವನು ಬಾಯಿ ಹಚ್ಚಲಿಲ್ಲ.

"ಕುಡಿಯೋ. ಏನಂದ್ಳು?"

"ಹೋದಳ್ರಿ," ಎಂದ ನೀಲಪ್ಪ.

"ಎಲ್ಲಿಗೆ?"

ಅವನ ಅಪ್ಪ, ಅಜ್ಜ ಯಾರೂ ಅಂಥ ಪ್ರಶ್ನೆ ಕೇಳಿಸಿಕೊಂಡಿರಲಿಲ್ಲ. ಹೇಳಿ ಬೆನ್ನು ತಿರುಗಿಸುತ್ತಿದ್ದರು. ಅವನು ತಿರುಗಿಸಲಿಲ್ಲ. ನಿಂತೇ ಇದ್ದ. ಕರಿಯವ್ವ ಅವನ ಮುಖ ನೋಡಿದಳು. ತಂಬಿಗೆಯಲ್ಲಿ ಉಳಿದ ನೀರನ್ನೂ ಅವನ ಕೈಮೇಲೆ ಸುರಿದಳು, ಒಂದು ಹನಿ ಉಳಿಯದ ಹಾಗೆ.

ಓಣಿಯವರು ಕೂಡಿದರು, ಚಕ್ಕಡಿ ಹೂಡಿದರು. ಕರಿಯವ್ವ ಹತ್ತಲಿಲ್ಲ. "ಅವನ ಸಂಗಾಟ ನಡದ ಬರ್ತೀನಿ," ಎಂದಳು. ಸೀರೆ ತಗೋ ಎಂದು ಯಾರೋ ನೆನಪು ಮಾಡಿದರು.

"ಸೀರಿ ಕೊಟ್ಟ ಬಂದೀನಲ್ಲವ್ವಾ ಆಗಳೆ," ಎಂದಳು.

ಊರು ದಾಟಿದ ಮೇಲೆ ಆಕೆಯ ಕಾಲು ತೊಡರಿತು. ನೀಲಪ್ಪನ ಹೆಗಲು ಹಿಡಿದುಕೊಂಡಳು, ಹಿಡಿದದ್ದನ್ನು ಬಿಡಲಿಲ್ಲ. ಹಿಂದೆ ಬರುತ್ತಿದ್ದ ಚಕ್ಕಡಿಯ ತುಂಬ ಜನ ಇದ್ದರು. ಅವತ್ತು ಯಾರಿಗೂ ಮೈಲಿಗೆ ನೆನಪಾಗಲಿಲ್ಲ. ಅಷ್ಟು ಅಗ್ಗದ್ದಾಗಿತ್ತು ಅದು. ಇಷ್ಟು ದಿನ ಇಟ್ಟುಕೊಂಡದ್ದಾದರೂ ಯಾಕೆ?

ಓಡಿ ಗೊತ್ತಿದ್ದ ದಾರಿ, ಆಕೆಯ ಹೆಜ್ಜೆಯಲ್ಲಿ ಮುಗಿಯಲೇ ಇಲ್ಲ. ಒಂದು ಬನ್ನಿಗಿಡದ ಬುಡದಲ್ಲಿ ಆಕೆ ಕೂತಳು.

"ನೀಲಪ್ಪಾ. ಇದು ತಾಲೀಮ ಹೌದಲ್ಲೋ? ಹೋದ ಸಲದಂಗ?"

ಆಕೆ ಎದ್ದು ನಾಲ್ಕು ಹೆಜ್ಜೆ ಹಾಕಿ ಮತ್ತೆ ನಿಂತಳು.

"ಹೋದ ಸಲಾನೂ ನಾ ಹಿಂಗ ಅಳಕೋತ ಹೋಗಿದ್ನಿ. ಹಿಟ್ಟಿನ ಕೈಲೆ ಹೊರಗ ಬಂದ್ಳು. ಇದು ತಾಲೀಮ ಅಂತ ಹೇಳೋ. ನಾ ಯಾರಿಗೂ ಹೇಳೂದಿಲ್ಲ."

ನೀಲಪ್ಪ ಹೊತ್ತ ಯಾವ ಸುದ್ದಿಯೂ ಸುಳ್ಳಾಗಿರಲಿಲ್ಲ. ಮನೆತನದಲ್ಲಿ ಬೇರೇನೂ ಇರಲಿಲ್ಲ, ಅದೊಂದು ಇತ್ತು.

"ಹೂನ್ರಿ ಯವ್ವಾ," ಎಂದ. "ತಾಲೀಮ ಇದು."

ಕರಿಯವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಬಿರಬಿರನೆ ನಡೆದಳು. ಎರೆಹಾಳದ ಹಳ್ಳ ಇಳಿಯುವ ತನಕ ಹಾಗೇ ನಡೆದಳು. ಅಲ್ಲಿಗೆ ಸಾವಿಗೆ ಬಾರಿಸುವ ಹಲಗೆಯ ಸದ್ದು ಕೇಳಿಸಿತು. ಆಕೆ ಅವನ ಹೆಗಲಿನಿಂದ ಕೈ ತೆಗೆದಳು. ಬೈದಿದ್ದರೆ ಚೆನ್ನಾಗಿತ್ತು.

ಶಾರದವ್ವನ ದಿನಗಳೆಲ್ಲ ಮುಗಿದ ಮೇಲೆ ಮರ್ದಾನಸಾಬ ಸೈಕಲ್ ತುಳಿಯುತ್ತ ಎರೆಹಾಳಕ್ಕೆ ಬಂದ. ಸುದ್ದಿ ಅವನಿಗೂ ಮುಟ್ಟಿತ್ತು. ದುರಗವ್ವ ಕೊಟ್ಟ ನೀರು ಕುಡಿದು ತಂಬಿಗೆ ಕೆಳಗಿಟ್ಟ.

"ಅವಸರ ಇಲ್ಲ,"  ಎಂದ. "ಆದ್ರ ಯುಗಾದಿ ನಮ್ಮ ಸಲುವಾಗಿ ನಿಂದ್ರೂದಿಲ್ಲ. ಈಗ ಸುರು ಮಾಡಲಿಲ್ಲಂದ್ರ ಈ ವರ್ಷದ್ದ ಹೋತು. ನಾಳೆ ಒಂದ ದಿನಾ ಓಡಿ ನೋಡು. ಆಗದಿದ್ರ ಆಗಂಗಿಲ್ಲ ಅನ್ನು, ನಾ ಏನೂ ಅನ್ನಾಂವಲ್ಲ."

ಮರುದಿನ ನೀಲಪ್ಪ ಹೊರಟ. ಬೇರೆ ದಾರಿ ಹಿಡಿಯಬಹುದಿತ್ತು. ಹಿಡಿದರೆ ಓಡಿದ್ದೇನು ಖರೆ ಎಂದು ಅವನಿಗೇ ಅನಿಸಿ ಕಳಸಾಪುರದ ದಾರಿಯನ್ನೇ ಹಿಡಿದ. ಊರು ಕಂಡ ಕೂಡಲೇ ಕಾಲು ತಾನಾಗಿ ನಡಿಗೆಗೆ ಇಳಿಯಿತು. ಕರಿಯವ್ವನ ಓಣಿಯಲ್ಲಿ ತಲೆ ತಗ್ಗಿಸಿ, ಗೋಡೆಯ ಬದಿ ಹಿಡಿದು ಹೊರಟ.

ಆಕೆ ಕಟ್ಟೆಯ ಮೇಲೆ ಕೂತಿದ್ದಳು. ಕೈಯಲ್ಲಿ ಏನೂ ಇರಲಿಲ್ಲ.

"ಯಾಕ ನಡಕೋತ ಹೊಂಟಿ?"

ಅವನು ನಿಂತ. "ಹಂಗ ಸುಮ್ನರಿ ಯವ್ವಾ."

"ನನಗ ಅಂಜಿ ನಡಿಬ್ಯಾಡ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅಡಿಗೆಯ ಮಾತು ಆಡುವವರ ಹಾಗೆ ಆಡಿದಳು. "ಇನ್ನ ನೀ ಹೆಂಗ ಓಡಿದ್ರೂ ನನಗೇನೂ ಅನಸೂದಿಲ್ಲೋ. ಕೆಟ್ಟದ್ದು ತರಾಕ ಯಾರ ಉಳದಾರ, ಚೊಲೊ ತರಾಕ ಯಾರ ಉಳದಾರ. ಓಡು. ಧಾರವಾಡದ ಓಟ ಅಂದಿದ್ಯಲ್ಲ. ಓಡು, ನಾ ನೋಡ್ತೀನಿ."

ಆಕೆ ನೋಡುತ್ತಿದ್ದಳು. ಅವನು ಓಡಿದ.

ಓಡಿದ ಹಾಗೆ ಉಸಿರು ತಾನಾಗಿ ಹದಕ್ಕೆ ಬಂತು. ಹೆಜ್ಜೆ ಹಗುರಾಯಿತು. ಕೆಳಗಿನ ಓಣಿ ದಾಟಿತು, ಊರು ದಾಟಿತು, ಗದಗಿನ ದಾರಿ ಬಂತು. ಜೋಳ ಕೊಯ್ದ ಹೊಲಗಳಲ್ಲಿ ಬರೀ ಕೂಳೆ ನಿಂತಿತ್ತು. ಬಾಯಲ್ಲಿ ಯಾರ ಹೆಸರೂ ಇರಲಿಲ್ಲ. ಮುಂದೆ ಯಾವ ಬಾಗಿಲೂ ಇರಲಿಲ್ಲ. ಒಳಗಿಂದ ಯಾರಿಗೆ ಹೇಳಲು ಹೊರಟೆ ಎಂದು ಕೇಳುತ್ತಿದ್ದವರೂ ಸುಮ್ಮನಾಗಿದ್ದರು. ಬೆಟಗೇರಿಯ ತನಕ ಒಂದು ಕಡೆಯೂ ನಿಲ್ಲಲಿಲ್ಲ. ದಣಿವಾಗಲಿಲ್ಲ. ಹಾಗೆಯೇ ಧಾರವಾಡಕ್ಕೂ ಹೋಗಿಬಿಡಬಹುದಿತ್ತು. ಅದು ತಿಳಿದಾಗ ಅವನಿಗೆ ಹೆದರಿಕೆಯಾಯಿತು.

ಮರ್ದಾನಸಾಬ ಅಂಗಡಿಯ ಮುಂದೆ ಗಾಲಿಯ ಕಡ್ಡಿ ಬಿಗಿಯುತ್ತಿದ್ದ. ಹುಡುಗನ ಎದೆ ಏಳುವುದು, ಬೀಳುವುದು ನೋಡಿದ. ಮಣಿಕಟ್ಟು ಹಿಡಿದು ನಾಡಿ ನೋಡಿದ. ಮುಖ ಅರಳಿತು.

"ಎಲ್ಲಿಂದ?"

"ಕಳಸಾಪುರದಿಂದ್ರಿ. ಆಕಿ ಬಾಗಲದ ಮುಂದಿಂದ."

"ಖಾಲಿ?"

"ಖಾಲಿ."

"ಹಂಗಾರ ತಯಾರಾದೀಲೇ ನೀ." ಮರ್ದಾನಸಾಬ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಎದ್ದ. "ನಾಳಿಂದ ಸುರು."

"ಬ್ಯಾಡ್ರಿ," ಎಂದ ನೀಲಪ್ಪ.

"ಯಾಕಲೇ? ಓಡಿದಿ ಅಂತೀ."

"ಓಡಿದ್ನಿ. ಅದಕ್ಕ ಬ್ಯಾಡ ಅಂತೀನಿ." ಅವನು ಮಣಿಕಟ್ಟು ಬಿಡಿಸಿಕೊಂಡ. "ಆಕಿ ಮನಿ ಖಾಲಿ ಆದ ಮ್ಯಾಲ ನನಗ ಖಾಲಿ ಓಡಾಕ ಬಂತು ಸಾಬ್ರ. ಹಿಂಗ ಬರೂದಾದ್ರ ನನಗ ಇದು ಬ್ಯಾಡ. ಗೌಡಗೂ ಇವತ್ತ ಹೇಳ್ತೀನಿ. ಅವನ ಮನ್ಯಾಗ ಯಾರ ಸತ್ರೂ ಅವನ ಓಡ್ಲಿ."

ಮರ್ದಾನಸಾಬ ಮತ್ತೆ ಗಾಲಿಯ ಮುಂದೆ ಕೂತ. ನೀಲಪ್ಪ ಬೆಟಗೇರಿಯ ಸಂತೆ ಹಾಯ್ದು ಊರ ದಾರಿ ಹಿಡಿದ. ಹಿಂದಿನಿಂದ ಬಂದ ಮುಂಡರಗಿ ಬಸ್ಸು ಅವನನ್ನು ದಾಟಿ, ಧೂಳು ಎಬ್ಬಿಸಿ ಹೋಯಿತು. ಅವನು ನಡೆಯುತ್ತಲೇ ಇದ್ದ.